ಕೊಡೈಕೆನಾಲಿನ ಆಸ್ಬಾರ್ನ್, ಹನುಮಂತನಪಟ್ಟಿಯ ತಕ್ಕಡಿ

ಕಳೆದ ಬೇಸಿಗೆ ರಜೆಯಲ್ಲಿ ಎರಡು ದಿನ ಹನುಮಂತನಪಟ್ಟಿಗೆ ಹೋಗಿ ಬಂದೆ. ತೇನಿ ಜಿಲ್ಲೆಯಲ್ಲಿ, ಚಿನ್ನಮನೂರು ದಾಟಿ ಉತ್ತಮಪಾಳ್ಯದ ಕಡೆ ಹೋಗುವಾಗ ಸಿಗುವ ಊರು. ನಮ್ಮ ತಾಳವಾಡಿಯ ಬೆಟ್ಟದಿಂದ ದಿಂಬಂ ಘಾಟಿ ಇಳಿದು, ಸತ್ಯಮಂಗಲ, ದಿಂಡಿಗಲ್ ಎಂದು ಬಸ್ಸು ಬದಲಿಸುತ್ತಾ ಹೋದರೆ ಇಡೀ ಹಗಲು ಬೇಕು. ನಮ್ಮ ಶಾಲೆಯ ತಮಿಳು ಶಿಕ್ಷಕರ ಊರು ಅದು. ಅವರದೊಂದು ವಿಚಿತ್ರ: ಶಾಲೆಯಲ್ಲಿ ತಮಿಳು ಪಾಠ ಮಾಡುತ್ತಾರೆ, ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಆದರೆ ಕನ್ನಡ ಅಕ್ಷರ ಓದಲು ಬಾರದು. ಕಂಬಂ ಕಣಿವೆಯಲ್ಲಿ ಹೀಗೆ ಕನ್ನಡ ಮಾತಾಡುವ ಒಕ್ಕಲು ಮನೆತನಗಳು ಬೇಕಾದಷ್ಟಿವೆ. ವಿಜಯನಗರ ಮತ್ತು ನಾಯಕರ ಕಾಲದಲ್ಲಿ ಇತ್ತ ಬಂದವರು ನಾವು ಎಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ಮಾತು ಉಳಿಯಿತು, ಲಿಪಿ ಉಳಿಯಲಿಲ್ಲ. ಈ ವಿಷಯ ಇನ್ನೊಮ್ಮೆ ಬರೆಯಬೇಕು. ಇವತ್ತು ಬರೆಯಹೊರಟದ್ದು ಬೇರೆ.

ಅವರ ಮಗಳು ಹನ್ನೆರಡನೇ ತರಗತಿ ಮುಗಿಸಿ ಕೊಯಮತ್ತೂರಿನ ಕಾಲೇಜೊಂದರಲ್ಲಿ ಗಣಕ ವಿಜ್ಞಾನದ ಬಿ.ಎಸ್ಸಿ.ಗೆ ಸೇರುವವಳಿದ್ದಳು. ಲ್ಯಾಪ್‌ಟಾಪ್ ಬೇಕು. ಮನೆಯಲ್ಲಿ ಚೀಟಿ ಎತ್ತಿದ್ದು, ದ್ರಾಕ್ಷಿ ಮಾರಿದ್ದು ಎಲ್ಲ ಸೇರಿಸಿ 40,000 ರೂಪಾಯಿ ಕೂಡಿತ್ತು. "ಸಾರ್, ನೀವು ಇಂಥದ್ದನ್ನೆಲ್ಲ ಓದಿಕೊಂಡವರು, ಬಂದು ಒಂದು ಮಾತು ಹೇಳಿ" ಎಂದು ನನ್ನನ್ನು ಕರೆಸಿದ್ದರು. ಹುಡುಗಿಯ ಮನಸ್ಸು ಮಾತ್ರ ತೇನಿಯ ಅಂಗಡಿಯಲ್ಲಿ ಕಂಡ ಒಂದು ತೆಳು ಲ್ಯಾಪ್‌ಟಾಪಿನ ಮೇಲೆ ನೆಟ್ಟಿತ್ತು. ಹಪ್ಪಳದ ಹಾಗಿದೆ ಸಾರ್, ಒಂದೇ ಬೆರಳಲ್ಲಿ ಎತ್ತಬಹುದು ಎಂದಳು. ಬೆಲೆ 82,000 ರೂಪಾಯಿ. ಅಪ್ಪ ಏನೂ ಹೇಳದೆ ಎದ್ದು ಹೊರಗೆ ಹೋದರು.

ಮನೆಯಲ್ಲಿ ಆಗಲೇ ಒಂದು ಲ್ಯಾಪ್‌ಟಾಪ್ ಇತ್ತು. ಅವಳ ಅಣ್ಣನಿಗೆ ಪ್ಲಸ್ ಟೂ ಓದುವಾಗ ಸರ್ಕಾರ ಕೊಟ್ಟದ್ದು. ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ, ಪ್ಲಗ್ಗಿಗೆ ಹಾಕಿದರೆ ಮಾತ್ರ ಏಳುತ್ತದೆ. "ಇದನ್ನು ಹೊತ್ತುಕೊಂಡು ಹಾಸ್ಟೆಲಿನಿಂದ ಕಾಲೇಜಿಗೆ ನಡೆಯೋದಾ?" ಎಂದು ಹುಡುಗಿ ಕೇಳಿದಳು. ತೂಕ ಎಷ್ಟಿದೆ ನೋಡೋಣ ಎಂದು ನಾನೇ ಹೇಳಿದೆ. ಜಗಲಿಯ ಮೇಲೆ ದ್ರಾಕ್ಷಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. ಅದರ ಮೇಲಿಟ್ಟೆವು. ಲ್ಯಾಪ್‌ಟಾಪ್ 2 ಕಿಲೋ 350 ಗ್ರಾಂ, ಚಾರ್ಜರ್ ಸೇರಿ 2 ಕಿಲೋ 800. ಅಜ್ಜಿ ಒಳಗಿಂದ ಬಂದು, ಹಣ್ಣಿಲ್ಲದ ಕಾಲದಲ್ಲಿ ಏನು ತೂಗುತ್ತಿದ್ದೀರಿ ಎಂದು ಅವರ ಕನ್ನಡದಲ್ಲಿ ಕೇಳಿ ನಕ್ಕರು.

ಆ ರಾತ್ರಿ ಜಗಲಿಯ ಮೇಲೆ ಕುಳಿತು ಹುಡುಗಿಗೆ ನಾನು ಹೇಳಿದ ಕಥೆಯನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಹಗುರ, ಅಗ್ಗ, ಚುರುಕು, ಈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಲು ಜನ ನಲವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಹೆಣಗುತ್ತಿದ್ದಾರೆ. ಆ ಹೆಣಗಾಟದ ಮೊದಲಿಗರಲ್ಲಿ ಒಬ್ಬ ತೀರಿಕೊಂಡದ್ದು ಇದೇ ಸೀಮೆಯ ಕೊಡೈಕೆನಾಲಿನಲ್ಲಿ ಎಂದಾಗ ಅವಳು ನಂಬಲಿಲ್ಲ. ನೀವೂ ನಂಬಲಿಕ್ಕಿಲ್ಲ.

ಅವನ ಹೆಸರು ಆಡಮ್ ಆಸ್ಬಾರ್ನ್. ಹುಟ್ಟಿದ್ದು 1939ರಲ್ಲಿ ಬ್ಯಾಂಕಾಕಿನಲ್ಲಿ. ತಂದೆ ಆರ್ಥರ್ ಆಸ್ಬಾರ್ನ್ ಇಂಗ್ಲಿಷಿನವರು, ತಾಯಿ ಪೋಲೆಂಡಿನವರು. ರಮಣ ಮಹರ್ಷಿಗಳ ಬಗ್ಗೆ ಓದಿದವರಿಗೆ ಆರ್ಥರ್ ಆಸ್ಬಾರ್ನ್ ಹೆಸರು ಗೊತ್ತಿರುತ್ತದೆ. ಮಹರ್ಷಿಗಳ ಮೇಲೆ ಪುಸ್ತಕ ಬರೆದವರು, 1964ರಲ್ಲಿ ರಮಣಾಶ್ರಮದ 'ಮೌಂಟನ್ ಪಾತ್' ಪತ್ರಿಕೆ ಶುರುಮಾಡಿದವರು ಅವರೇ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಆರ್ಥರರನ್ನು ಥಾಯ್ಲೆಂಡಿನಲ್ಲಿ ಸೆರೆಯಿಟ್ಟರು. ತಾಯಿ ಮಕ್ಕಳು ತಿರುವಣ್ಣಾಮಲೈಯಲ್ಲಿದ್ದರು. ಹುಡುಗ ಆಡಮ್ ಅಲ್ಲಿಯೇ ತಮಿಳು ಕಲಿತ. ಮುಂದೆ ಕೊಡೈಕೆನಾಲಿನ ಕಾನ್ವೆಂಟ್ ಶಾಲೆಯಲ್ಲಿ ಓದಿದ. 1950ರಲ್ಲಿ ಇಂಗ್ಲೆಂಡಿಗೆ ಹೋಗಿ, ಬರ್ಮಿಂಗ್‌ಹ್ಯಾಮಿನಲ್ಲಿ ಪದವಿ, ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದ. ಓದಿದ್ದು ರಾಸಾಯನಿಕ ಎಂಜಿನಿಯರಿಂಗ್. ಷೆಲ್ ಎಣ್ಣೆ ಕಂಪನಿಯ ಕೆಲಸ ಬಿಟ್ಟು ಗಣಕದ ಪುಸ್ತಕ ಬರೆಯತೊಡಗಿದ, ತಾನೇ ಪ್ರಕಾಶಕನಾದ, 1979ರಲ್ಲಿ ಆ ಪ್ರಕಾಶನವನ್ನು ಮೆಕ್‌ಗ್ರಾ ಹಿಲ್ ಕಂಪನಿಗೆ ಮಾರಿದ. ಆ ಹಣದಿಂದ ಗಣಕ ಮಾಡುವುದಕ್ಕೆ ಕೈಹಾಕಿದ.

1981ರ ಏಪ್ರಿಲ್‌ನಲ್ಲಿ 'ಆಸ್ಬಾರ್ನ್ 1' ಹೊರಬಂತು. ಎಲ್ಲಿಗಾದರೂ ಒಯ್ಯಬಹುದಾದ, ಅಂಗಡಿಯಲ್ಲಿ ಚೆನ್ನಾಗಿ ಬಿಕರಿಯಾದ ಮೊದಲ ಗಣಕ ಎಂದು ಇತಿಹಾಸದಲ್ಲಿ ಅದಕ್ಕೆ ಹೆಸರು. ವಿನ್ಯಾಸ ಮಾಡಿದವನು ಲೀ ಫೆಲ್ಸೆನ್‌ಸ್ಟೀನ್. ಒಯ್ಯಬಹುದು ಎಂದರೆ ಎಷ್ಟು ತೂಕ ಅಂದುಕೊಂಡಿರಿ? ಸುಮಾರು 11 ಕಿಲೋ. ಹತ್ತು ಕಿಲೋ ಅಕ್ಕಿ ಚೀಲಕ್ಕಿಂತ ಹೆಚ್ಚು! ಹೊಲಿಗೆ ಯಂತ್ರದ ಪೆಟ್ಟಿಗೆಯ ಹಾಗೆ ಹಿಡಿ ಇತ್ತು, ಬ್ಯಾಟರಿ ಇರಲಿಲ್ಲ. ವಿಮಾನದ ಸೀಟಿನ ಕೆಳಗೆ ಹಿಡಿಸಬೇಕು ಎಂಬುದೇ ಅದರ ಅಳತೆಗೋಲು. ಪರದೆ ಐದು ಇಂಚಿನದು, ನಮ್ಮ ಪೋಸ್ಟ್ ಕಾರ್ಡಿಗಿಂತ ಚಿಕ್ಕದು. ಒಂದು ಸಾಲಿಗೆ 52 ಅಕ್ಷರ ಮಾತ್ರ ಕಾಣುತ್ತಿತ್ತು. ಅಗಲದ ಪುಟವಾದರೆ ಅತ್ತಿತ್ತ ಸರಿಸಿ ಓದಬೇಕು. ಒಳಗೆ ನಾಲ್ಕು ಮೆಗಾಹರ್ಟ್ಸ್‌ನ ಝಡ್ 80 ಪ್ರೊಸೆಸರ್, 64 ಕಿಲೋಬೈಟ್ ನೆನಪು, ಎರಡು ಫ್ಲಾಪಿ ಡ್ರೈವ್.

ಬೆಲೆ 1,795 ಡಾಲರ್. ಆಗಿನ ವಿನಿಮಯದಲ್ಲಿ ಹದಿನೈದು ಸಾವಿರ ರೂಪಾಯಿಗೆ ತುಸು ಮೇಲೆ. ಆ ಬೆಲೆಯೊಳಗೇ ಬರವಣಿಗೆಗೆ ವರ್ಡ್‌ಸ್ಟಾರ್, ಲೆಕ್ಕಕ್ಕೆ ಸೂಪರ್‌ಕ್ಯಾಲ್ಕ್, ಕಾರ್ಯಕ್ರಮ ಬರೆಯಲು ಬೇಸಿಕ್ ಎಲ್ಲವೂ ಬರುತ್ತಿದ್ದವು. ತಂತ್ರಾಂಶಗಳನ್ನು ಬೇರೆಯಾಗಿ ಕೊಂಡಿದ್ದರೆ ಅವುಗಳ ಬೆಲೆಯೇ ಯಂತ್ರದ ಬೆಲೆಯ ಹತ್ತಿರ ಹೋಗುತ್ತಿತ್ತು. ಎಲ್ಲದರಲ್ಲೂ ಅತ್ಯುತ್ತಮ ಬೇಕಿಲ್ಲ, ಕೆಲಸಕ್ಕೆ ಸಾಕಾದಷ್ಟಿದ್ದರೆ ಸಾಕು ಎಂಬುದು ಆಸ್ಬಾರ್ನನ ನೀತಿ. ಸಾಕು ಎನ್ನುವುದನ್ನು ವ್ಯಾಪಾರದ ಸೂತ್ರ ಮಾಡಿಕೊಂಡದ್ದಕ್ಕೆ ತಿರುವಣ್ಣಾಮಲೈಯ ಗಾಳಿ ಕಾರಣವೋ ಏನೋ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಇದು ನನ್ನ ಕಲ್ಪನೆ, ಪರೀಕ್ಷೆಯಲ್ಲಿ ಬರೆಯಬೇಡಿ ಮಕ್ಕಳೇ.

ಬೇಡಿಕೆ ಏರಿದ ದಿನಗಳಲ್ಲಿ ತಿಂಗಳಿಗೆ 10,000 ಯಂತ್ರ ಹೋಗುತ್ತಿದ್ದವು. ಆದರೆ ಮುಂದಾದದ್ದನ್ನು ಗಮನಿಸಿ. 1982ರಲ್ಲಿ ಕೇಪ್ರೊ ಎಂಬ ಯಂತ್ರ ಬಂತು. ಬೆಲೆ ಅದೇ 1,795 ಡಾಲರ್, ತೂಕ ಇನ್ನೂ ಒಂದಿಷ್ಟು ಜಾಸ್ತಿ, ಪರದೆ ಮಾತ್ರ ಒಂಬತ್ತು ಇಂಚು, ಸಾಲಿಗೆ 80 ಅಕ್ಷರ. ಜನ ಅತ್ತ ಹೊರಳಿದರು. ಅದೇ ವರ್ಷ ನವೆಂಬರಿನಲ್ಲಿ ಕಾಂಪ್ಯಾಕ್ ಕಂಪನಿ ತನ್ನ ಯಂತ್ರ ಪ್ರಕಟಿಸಿತು. ಅದು ಸುಮಾರು 13 ಕಿಲೋ, ಬೆಲೆ 2,995 ಡಾಲರಿನಿಂದ ಶುರು. ಭಾರವೂ ಹೆಚ್ಚು, ಬೆಲೆಯೂ ಹೆಚ್ಚು. ಆದರೆ ಐಬಿಎಂ ಪಿ.ಸಿ.ಗೆ ಬರೆದ ತಂತ್ರಾಂಶವೆಲ್ಲ ಅದರಲ್ಲಿ ಓಡುತ್ತಿತ್ತು. ಮೊದಲ ವರ್ಷವೇ 53,000 ಯಂತ್ರ ಮಾರಾಟವಾದವು. ಹೊತ್ತು ತಿರುಗುವ ಯಂತ್ರದಲ್ಲೂ ಜನ ಮೊದಲು ನೋಡಿದ್ದು ತೂಕವನ್ನಲ್ಲ, ಕಣ್ಣಿಗೆ ಕಾಣುತ್ತದೆಯೇ, ನನ್ನ ಕೆಲಸ ಇದರಲ್ಲಿ ಆಗುತ್ತದೆಯೇ ಎಂಬುದನ್ನು.

ಆಸ್ಬಾರ್ನ್ ಇನ್ನೊಂದು ತಪ್ಪು ಮಾಡಿದ. ಹೊಸ ಮಾದರಿ ಬರುತ್ತಿದೆ ಎಂದು ಮೊದಲೇ ಬಾಯಿಬಿಟ್ಟ. ಅಂಗಡಿಯವರು ಹಳೆಯದಕ್ಕೆ ಆರ್ಡರ್ ಹಾಕುವುದು ನಿಲ್ಲಿಸಿದರು. 1983ರ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಇಂಥ ತಪ್ಪಿಗೆ ಇಂದಿಗೂ ವಾಣಿಜ್ಯ ಪಾಠಗಳಲ್ಲಿ 'ಆಸ್ಬಾರ್ನ್ ಪರಿಣಾಮ' ಎಂದೇ ಹೆಸರು. ಬಾಯಿಬಿಟ್ಟದ್ದೊಂದೇ ಕಾರಣವಲ್ಲ, ಕೇಪ್ರೊ ಕಾಂಪ್ಯಾಕ್‌ಗಳ ಪೈಪೋಟಿಯೇ ದೊಡ್ಡದು ಎನ್ನುವವರೂ ಇದ್ದಾರೆ. ನನಗೂ ಹಾಗೇ ತೋರುತ್ತದೆ. ಮುಂದೆ ಅಗ್ಗದ ತಂತ್ರಾಂಶ ಮಾರುವ ಕಂಪನಿ ತೆರೆದ. ಅದರ ಮೇಲೆ ಲೋಟಸ್ ಕಂಪನಿ ಮೊಕದ್ದಮೆ ಹೂಡಿ 1990ರಲ್ಲಿ ಗೆದ್ದಿತು. ಆರೋಗ್ಯ ಕೆಟ್ಟು 1992ರಲ್ಲಿ ಭಾರತಕ್ಕೆ ಮರಳಿದ. ಬಹುಕಾಲ ಮಿದುಳಿನ ಕಾಯಿಲೆಯಿಂದ ನರಳಿ 2003ರ ಮಾರ್ಚ್ 18ರಂದು ಕೊಡೈಕೆನಾಲಿನಲ್ಲಿ ತೀರಿಕೊಂಡ. ಆಗ 64 ವರ್ಷ. ದಿಂಡಿಗಲ್ ಜಿಲ್ಲೆಯ ಗಣಕ ಪಾಠದಲ್ಲಿ ಈ ಹೆಸರು ಬರುವುದನ್ನು ನಾನಂತೂ ಕಂಡಿಲ್ಲ.

ಇಲ್ಲಿ ಒಂದು ಹೆಜ್ಜೆ ಹಿಂದೆ ಹೋಗಬೇಕು. ಆಸ್ಬಾರ್ನನಿಗಿಂತ ಒಂಬತ್ತು ವರ್ಷ ಮೊದಲು, 1972ರಲ್ಲಿ, ಅಮೆರಿಕದ ಜೆರಾಕ್ಸ್ ಸಂಶೋಧನಾಲಯದ ಅಲನ್ ಕೇ ಎಂಬುವವರು 'ಡೈನಾಬುಕ್' ಎಂಬ ಕನಸಿನ ಯಂತ್ರದ ಬಗ್ಗೆ ಪ್ರಬಂಧ ಬರೆದಿದ್ದರು. ನೋಟ್‌ಬುಕ್ಕಿನ ಗಾತ್ರ, ನಾಲ್ಕು ಪೌಂಡಿಗಿಂತ ಕಡಿಮೆ ತೂಕ, ಅಂದರೆ 1 ಕಿಲೋ 800 ಗ್ರಾಂ ಒಳಗೆ, ಬೆಲೆ 500 ಡಾಲರಿನ ಸುತ್ತ. ಅದು ಯಾರಿಗಾಗಿ? ಮಕ್ಕಳಿಗಾಗಿ! ಕಚೇರಿಯವರಿಗೂ ಅಲ್ಲ, ವಿಮಾನ ಹತ್ತುವ ವ್ಯಾಪಾರಿಗಳಿಗೂ ಅಲ್ಲ. ಶಾಲೆಯ ಮಗುವಿನ ಕೈ ಎಷ್ಟು ಹೊರಬಲ್ಲದು ಎಂಬಲ್ಲಿಂದ ಅವರ ಲೆಕ್ಕ ಶುರುವಾಗಿತ್ತು. ನಮ್ಮ ಕೇಂದ್ರ ಸರ್ಕಾರದ 2020ರ ಶಾಲಾ ಚೀಲದ ನೀತಿಯೂ ಮಗುವಿನ ತೂಕದ ಶೇಕಡಾ 10ಕ್ಕಿಂತ ಚೀಲ ಭಾರವಾಗಬಾರದು ಎನ್ನುತ್ತದೆ. ಹನ್ನೊಂದು, ಹನ್ನೆರಡನೆಯ ತರಗತಿಗೆ ಮೂರೂವರೆಯಿಂದ ಐದು ಕಿಲೋ. ಅದರಲ್ಲಿ 2 ಕಿಲೋ 800 ಗ್ರಾಂ ಲ್ಯಾಪ್‌ಟಾಪಿಗೇ ಹೋದರೆ ಪುಸ್ತಕಕ್ಕೆ, ಬುತ್ತಿಗೆ, ನೀರಿಗೆ ಏನುಳಿಯಿತು?

ಹಗುರ ಬೇಕೆಂದವರು ಆಗಲೂ ಇದ್ದರು. 1982ರ ಗ್ರಿಡ್ ಕಂಪಾಸ್ ಎಂಬ ಯಂತ್ರ ಮೆಗ್ನೀಸಿಯಂ ಕವಚದ್ದು, ಇಂದಿನ ಲ್ಯಾಪ್‌ಟಾಪಿನ ಹಾಗೆಯೇ ಮಡಚುತ್ತಿತ್ತು, ತೂಕ ಐದು ಕಿಲೋ ಸುಮಾರು. ಬೆಲೆ 8,150 ಡಾಲರ್. ಕೊಂಡವರು ಅಮೆರಿಕದ ಸೇನೆ ಮತ್ತು ನಾಸಾ. ಬಾಹ್ಯಾಕಾಶ ನೌಕೆಯಲ್ಲೂ ಹೋಯಿತು. ಮರುವರ್ಷವೇ ರೇಡಿಯೋ ಶ್ಯಾಕ್ ಅಂಗಡಿಗಳವರ 'ಮಾಡೆಲ್ 100' ಬಂತು. ಒಂದೂವರೆ ಕಿಲೋ ಒಳಗೆ, ಬೆಲೆ 1,099 ಡಾಲರಿನಿಂದ, ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಇಪ್ಪತ್ತು ಗಂಟೆ ಓಡುತ್ತಿತ್ತು. ಆದರೆ ಪರದೆಯಲ್ಲಿ ಎಂಟೇ ಸಾಲು. ಪತ್ರಕರ್ತರಿಗೆ ಅದು ಬಲು ಇಷ್ಟವಾಯಿತಂತೆ. ವರದಿ ಬರೆಯುವವನಿಗೆ ಎಂಟು ಸಾಲು ಸಾಕಲ್ಲ. ಒಂದೇ ಕಾಲದ ಎರಡು ಯಂತ್ರಗಳು: ಒಂದು ದುಡ್ಡು ಕೇಳಿತು, ಇನ್ನೊಂದು ಶಕ್ತಿಯನ್ನು ಬಿಡು ಎಂದಿತು.

ತೆಳುವಾಗಿದ್ದರೆ ಏಕೆ ದುಬಾರಿ ಎಂದು ಹುಡುಗಿ ಕೇಳಿದಳು. ಪ್ಲಾಸ್ಟಿಕ್ಕು ಲೋಹ ಕಡಿಮೆ ತಾನೇ, ಅಗ್ಗವಾಗಬೇಕಲ್ಲ? ಒಳ್ಳೆಯ ಪ್ರಶ್ನೆ. ಮುಖ್ಯ ತೊಡಕು ಶಾಖ. ಪ್ರೊಸೆಸರ್ ಕೆಲಸ ಮಾಡಿದಷ್ಟೂ ಬಿಸಿಯಾಗುತ್ತದೆ. ದಪ್ಪ ಪೆಟ್ಟಿಗೆಯಲ್ಲಿ ಫ್ಯಾನಿಗೆ, ತಾಮ್ರದ ಕೊಳವೆಗೆ, ಗಾಳಿ ಆಡುವುದಕ್ಕೆ ಜಾಗ ಇರುತ್ತದೆ. ತೆಳು ಮಾಡಿದರೆ ಬಿಸಿ ಹೋಗಲು ದಾರಿ ಇಲ್ಲ. ಅದಕ್ಕೇ ಕಡಿಮೆ ವಿದ್ಯುತ್ ಕುಡಿಯುವ, ವಿಶೇಷವಾಗಿ ಆಯ್ದ ಪ್ರೊಸೆಸರ್ ಹಾಕಬೇಕು. 2008ರ ಸುಮಾರಿಗೆ ಸಾಮಾನ್ಯ ಲ್ಯಾಪ್‌ಟಾಪಿನ ಪ್ರೊಸೆಸರ್ 35 ವಾಟಿನದು. ತೆಳುವಿನದ್ದಕ್ಕೆ 20, ಆಮೇಲೆ 17 ವಾಟ್. 2014ರಲ್ಲಿ ಇಂಟೆಲ್ ಫ್ಯಾನೇ ಬೇಡದ ನಾಲ್ಕೂವರೆ ವಾಟಿನದನ್ನೂ ತಂದಿತು. ನಮ್ಮ ಮನೆಯ ಒಲೆಯನ್ನೇ ನೋಡಿ. ಉರಿ ತಗ್ಗಿಸಿದರೆ ಪಾತ್ರೆ ಸೀಯುವುದಿಲ್ಲ, ಆದರೆ ಅನ್ನ ಬೇಯುವುದು ತಡ. ಭಾರದ ಕೆಲಸ ಕೊಟ್ಟರೆ ತೆಳು ಯಂತ್ರ ಕೆಲವು ನಿಮಿಷ ಓಡಿ, ಬಿಸಿ ಏರಿದೊಡನೆ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಐದು ನಿಮಿಷ ನೋಡಿದವರಿಗೆ ಇದು ತಿಳಿಯುವುದೇ ಇಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ 2008ರ ಜನವರಿ 15ರಂದು ಸ್ಟೀವ್ ಜಾಬ್ಸ್ ಕಾಗದದ ಲಕೋಟೆಯೊಳಗಿಂದ ತೆಗೆದು ತೋರಿಸಿದ ಮ್ಯಾಕ್‌ಬುಕ್ ಏರ್. ದಪ್ಪ ಇರುವ ಕಡೆ ಎರಡು ಸೆಂಟಿಮೀಟರಿಗೂ ಕಡಿಮೆ, ಅಂಚಿನಲ್ಲಿ ನಾಲ್ಕು ಮಿಲಿಮೀಟರ್, ತೂಕ 1 ಕಿಲೋ 360 ಗ್ರಾಂ. ಸಭೆ ಚಪ್ಪಾಳೆ ತಟ್ಟಿತು. ಬೆಲೆ 1,799 ಡಾಲರ್. ಇಪ್ಪತ್ತೇಳು ವರ್ಷದ ಹಿಂದಿನ ಆಸ್ಬಾರ್ನ್ ಯಂತ್ರಕ್ಕಿಂತ ನಾಲ್ಕೇ ಡಾಲರ್ ಹೆಚ್ಚು, ಕಾಕತಾಳೀಯ! ಆದರೆ ಡಿವಿಡಿ ಡ್ರೈವ್ ಇಲ್ಲ, ಯುಎಸ್‌ಬಿ ಕಿಂಡಿ ಒಂದೇ, ಬ್ಯಾಟರಿ ನಾವೇ ಬದಲಿಸುವ ಹಾಗಿಲ್ಲ, ನೆನಪನ್ನು ಮುಂದೆ ಹೆಚ್ಚಿಸುವ ಹಾಗೂ ಇಲ್ಲ. ಹಾರ್ಡ್ ಡಿಸ್ಕ್ ನಿಧಾನದ್ದು, 80 ಜಿಬಿ. ಒಡೆಯನಿಗೆ ಕಾಣುವ ಅಂದಕ್ಕಾಗಿ ಒಡೆಯನಿಗೆ ಕಾಣದ ಎಷ್ಟೋ ಸೌಕರ್ಯಗಳನ್ನು ಬಿಟ್ಟರು. ಆಮೇಲೆ ಅದೇ ಮಾದರಿ ಸುಧಾರಿಸುತ್ತಾ ಒಳ್ಳೆಯ ಯಂತ್ರವೇ ಆಯಿತು. ಮೊದಲ ವರ್ಷ ಕೊಂಡವರು ಆ ಸುಧಾರಣೆಯ ಖರ್ಚು ಹೊತ್ತರು ಅಷ್ಟೆ.

ನಮ್ಮವರು ಸುಮ್ಮನಿದ್ದರೇ? ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಮಾಡಿದ 'ಸಿಂಪ್ಯೂಟರ್' ನೆನಪಿದೆಯೇ? ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಎನ್‌ಕೋರಿನ ವಿನಯ್ ದೇಶಪಾಂಡೆ ಮೊದಲಾದವರು. 2001ರ ಏಪ್ರಿಲಿನಲ್ಲಿ ಮಾದರಿ ಯಂತ್ರ ತೋರಿಸಿದರು. ಅಂಗೈಯಲ್ಲಿ ಹಿಡಿಸುವಂಥದ್ದು, ಒಂಬತ್ತು ಸಾವಿರ ರೂಪಾಯಿ ಸುಮಾರಿಗೆ ಕೊಡಬೇಕೆಂಬ ಗುರಿ, ಲಿನಕ್ಸ್ ತಂತ್ರಾಂಶ. ಓದಲು ಬಾರದವರಿಗೂ ಉಪಯೋಗವಾಗಲಿ ಎಂದು ಅಕ್ಷರವನ್ನು ಧ್ವನಿ ಮಾಡುವ 'ಧ್ವನಿ' ತಂತ್ರಾಂಶ ಬರೆದರು. ಅದರಲ್ಲಿ ಕನ್ನಡ ಇತ್ತು! ಹನುಮಂತನಪಟ್ಟಿಯಂಥ ಊರಿಗೆ, ಕನ್ನಡ ಕೇಳಿದರೆ ತಿಳಿಯುತ್ತದೆ ಓದಲು ಬಾರದು ಎನ್ನುವ ಮನೆಗಳಿಗೆ, ಇದಕ್ಕಿಂತ ಹೊಂದುವ ಯಂತ್ರ ಯಾವುದಿದೆ? 2004ರ ಮಾರ್ಚಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆ ಸೇರಿ 'ಅಮಿಡಾ ಸಿಂಪ್ಯೂಟರ್' ಮಾರುಕಟ್ಟೆಗೆ ಬಂತು. ಬಣ್ಣವಿಲ್ಲದ ಪರದೆಯದು 9,950 ರೂಪಾಯಿ, ಬಣ್ಣದ್ದು ಅದರ ದುಪ್ಪಟ್ಟು. ಆದರೆ ಮಾರಾಟವಾದದ್ದು ಕೆಲವೇ ಸಾವಿರ. ಕೀಲಿಮಣೆ ಇಲ್ಲ, ಪರದೆ ಚಿಕ್ಕದು, ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗುತ್ತಾ ಬಂದಿತ್ತು. ಎನ್‌ಕೋರ್ 2005ರಲ್ಲಿ 'ಮೊಬಿಲಿಸ್' ಎಂಬ ಇನ್ನೊಂದು ಹಗುರ ಯಂತ್ರ ಪ್ರಕಟಿಸಿತು. ಅದೂ ಜನಸಾಮಾನ್ಯರ ಕೈಗೆ ಬರಲಿಲ್ಲ. ಸಿಂಪ್ಯೂಟರನ್ನು ಸೋಲು ಎಂದು ಬರೆಯುವವರೇ ಹೆಚ್ಚು. ನನಗೆ ಹಾಗೆನ್ನಲು ಮನಸ್ಸಿಲ್ಲ. ಕಾಲ ಅದರ ಕಡೆ ಇರಲಿಲ್ಲ, ಅಷ್ಟೆ.

ಹೊರದೇಶದಲ್ಲಿ ನಿಕೊಲಸ್ ನೆಗ್ರೊಪಾಂಟೆ ನೂರು ಡಾಲರಿನ ಲ್ಯಾಪ್‌ಟಾಪ್ ಎಂದು 2005ರಲ್ಲಿ ಸಾರಿದರು. 2007ರ ಕೊನೆಗೆ ತಯಾರಾಗಿ ಬಂದಾಗ ಅದು 188 ಡಾಲರ್ ಸುಮಾರಾಗಿತ್ತು. ಬಿಸಿಲಲ್ಲೂ ಓದಬಹುದಾದ ಪರದೆ, ಒಂದೂವರೆ ಕಿಲೋ ತೂಕ, ಮಗು ಬೀಳಿಸಿದರೂ ತಡೆಯುವ ಗಟ್ಟಿತನ. ಮಹಾರಾಷ್ಟ್ರದ ಖೈರಾಟ್ ಎಂಬ ಹಳ್ಳಿಯ ಶಾಲೆಯಲ್ಲಿ ಪ್ರಯೋಗವೂ ನಡೆಯಿತು. ಭಾರತ ಸರ್ಕಾರ 2006ರಲ್ಲೇ ಬೇಡ ಎಂದಿತ್ತು.

ಈಗ 2011ಕ್ಕೆ ಬರೋಣ. ಈ ಕಥೆಯಲ್ಲಿ ನನಗೆ ಬಹಳ ಕುತೂಹಲದ ವರ್ಷ ಇದು. ಆರು ತಿಂಗಳೊಳಗೆ ಮೂರು ಘಟನೆ. ಮೇ ತಿಂಗಳಲ್ಲಿ ಇಂಟೆಲ್ 'ಅಲ್ಟ್ರಾಬುಕ್' ಎಂಬ ಹೆಸರು ತಂದಿತು. ದಪ್ಪ ಎರಡು ಸೆಂಟಿಮೀಟರಿನ ಆಚೀಚೆ, ಬೆಲೆ 1,000 ಡಾಲರ್ ಒಳಗೆ ತರುವ ಗುರಿ. ಸೆಪ್ಟೆಂಬರ್ 15ರಂದು ತಿರುವಳ್ಳೂರು ಜಿಲ್ಲೆಯ ಕಾಕ್ಕಳೂರಿನಲ್ಲಿ ಮುಖ್ಯಮಂತ್ರಿ ಜಯಲಲಿತಾ ಅವರು ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಯೋಜನೆ ಉದ್ಘಾಟಿಸಿದರು. ಐದು ವರ್ಷದಲ್ಲಿ 68 ಲಕ್ಷ ಲ್ಯಾಪ್‌ಟಾಪ್, 10,200 ಕೋಟಿ ರೂಪಾಯಿ ಎಂಬ ಲೆಕ್ಕ. ಭಾಗಿಸಿ ನೋಡಿ, ಒಂದಕ್ಕೆ 15,000 ರೂಪಾಯಿ. ಅಕ್ಟೋಬರ್ 5ರಂದು ದೆಹಲಿಯಲ್ಲಿ ಕಪಿಲ್ ಸಿಬಲ್ ಅವರು 'ಆಕಾಶ್' ಟ್ಯಾಬ್ಲೆಟ್ ಬಿಡುಗಡೆ ಮಾಡಿದರು. ಸರ್ಕಾರ ಕೊಂಡ ಬೆಲೆ 2,276 ರೂಪಾಯಿ, ಏಳು ಇಂಚು, 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ನೆನಪು.

ಅಲ್ಟ್ರಾಬುಕ್ ಬೆಲೆಯನ್ನು ಬಿಟ್ಟಿತು. ಆಕಾಶ್ ಶಕ್ತಿಯನ್ನು ಬಿಟ್ಟಿತು. ತಮಿಳುನಾಡು ಸರ್ಕಾರ ಬಿಟ್ಟದ್ದು ತೆಳುವನ್ನು. ಹದಿನಾಲ್ಕು ಇಂಚಿನ, ದಪ್ಪನೆಯ, ಆದರೆ ಕೆಲಸ ಮಾಡುವ ಲ್ಯಾಪ್‌ಟಾಪ್, ಅದರೊಳಗೆ ವಿಂಡೋಸ್ ಜೊತೆಗೆ 'ಬಾಸ್' ಎಂಬ ಭಾರತೀಯ ಲಿನಕ್ಸ್. ಆಕಾಶದ ಸುದ್ದಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು, ನಮ್ಮ ಕಡೆಯ ಮಕ್ಕಳ ಕೈಗೆ ನಾನು ಅದನ್ನು ಕಾಣಲೇ ಇಲ್ಲ. ದಪ್ಪ ಲ್ಯಾಪ್‌ಟಾಪ್ ಮಾತ್ರ ಬೆಟ್ಟದ ಮೇಲಿನ ಮನೆಗಳಿಗೂ ಬಂತು, ಲಕ್ಷಗಟ್ಟಲೆ ಬಂತು. ಕೆಲವರು ಮಾರಿಕೊಂಡರು, ಕೆಲವರು ಸಿನಿಮಾ ನೋಡಿ ಕೆಡಿಸಿದರು, ನಿಜ. ಆದರೆ ಹನುಮಂತನಪಟ್ಟಿಯ ಈ ಮನೆಯ ಅಣ್ಣ ಅದೇ ಯಂತ್ರದಲ್ಲಿ ಲೆಕ್ಕಪತ್ರ ಕಲಿತು ಬೋಡಿನಾಯಕನೂರಿನ ಏಲಕ್ಕಿ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದಿದ್ದಾನೆ. ತಂಗಿ ಮೊದಲು ಕೀಲಿ ಒತ್ತಿದ್ದೂ ಅದರಲ್ಲೇ. ಈ ಮಾತನ್ನು ಅವಳಿಗೆ ನಾನು ನೆನಪಿಸಬೇಕಾಗಿ ಬಂತು.

ಇಷ್ಟೆಲ್ಲ ಇತಿಹಾಸ ಹೇಳುವ ಮೇಷ್ಟ್ರು ಸ್ವಂತಕ್ಕೆ ಏನು ಕೊಂಡಿದ್ದ ಎಂದು ನೀವು ಕೇಳಬಹುದು. ಹೇಳಲು ನಾಚಿಕೆ. 2016ರಲ್ಲಿ ನಾನು ತೆಳುವಿಗೇ ಮರುಳಾದವನು. ಹನ್ನೊಂದು ಇಂಚು, ಒಂದು ಕಿಲೋ ಚಿಲ್ಲರೆ ತೂಕ, ಹದಿನಾಲ್ಕು ಸಾವಿರ ರೂಪಾಯಿ. ಹಗುರವೂ ಹೌದು, ಅಗ್ಗವೂ ಹೌದು, ಇನ್ನೇನು ಬೇಕು ಎಂದು ಕೊಂಡೆ. ಒಳಗಿದ್ದದ್ದು 2 ಜಿಬಿ ನೆನಪು, 32 ಜಿಬಿ ಸಂಗ್ರಹ. ವಿಂಡೋಸ್ ತಾನೇ 20 ಜಿಬಿ ಸುಮಾರು ತಿಂದು ಕುಳಿತಿತ್ತು. ಒಂದು ದಿನ ಅಪ್‌ಡೇಟ್ ಮಾಡು ಎಂದಿತು, ಮಾಡಹೋದರೆ ಜಾಗ ಇಲ್ಲ ಎಂದಿತು. ಮಕ್ಕಳ ನಾಟಕದ ಫೋಟೋಗಳನ್ನು ಅಳಿಸಿದೆ. ಸಾಲದು ಎಂದಿತು. ನಾನೇ ಟೈಪು ಮಾಡಿದ ಮೂರು ವರ್ಷದ ಪಾಠ ಟಿಪ್ಪಣಿಗಳನ್ನು ಪೆನ್ ಡ್ರೈವಿಗೆ ಹಾಕಿ ಅಳಿಸಿದೆ. ಆ ಪೆನ್ ಡ್ರೈವ್ ಬಸ್ಸಿನಲ್ಲಿ ಎಲ್ಲೋ ಬಿದ್ದುಹೋಯಿತು. ಡಿಸ್ಕ್ ದೊಡ್ಡದು ಹಾಕಿಸೋಣ ಎಂದರೆ ಅದು ಬೋರ್ಡಿಗೇ ಬೆಸೆದಿದೆ, ಆಗುವುದಿಲ್ಲ ಎಂದ ರಿಪೇರಿ ಹುಡುಗ. ಕಂಪನಿಯ ಹೆಸರು ಬೇಡ, ಆ ಕಾಲದಲ್ಲಿ ಹಲವರು ಅಂಥದ್ದನ್ನೇ ಮಾಡುತ್ತಿದ್ದರು. ನಮ್ಮ ಅರಿವೇ ಅಷ್ಟಿತ್ತು.

ಮರುದಿನ ಬೆಳಿಗ್ಗೆ ಹುಡುಗಿ, ಅವಳ ಅಪ್ಪ, ನಾನು ಮೂವರೂ ತೇನಿಗೆ ಹೊರಟೆವು. ದಾರಿಯಲ್ಲಿ ಅವಳನ್ನು ಒಂದೊಂದೇ ಕೇಳುತ್ತಾ ಹೋದೆ. ಹಾಸ್ಟೆಲಿನಿಂದ ಕಾಲೇಜಿಗೆ ಎಷ್ಟು ದೂರ? ಇಪ್ಪತ್ತು ನಿಮಿಷದ ನಡಿಗೆ. ದಿನಾ ಒಯ್ಯಬೇಕೇ? ವಾರಕ್ಕೆ ಮೂರು ದಿನ ಪ್ರಯೋಗಾಲಯದಲ್ಲಿ ಅಲ್ಲಿಯ ಗಣಕಗಳೇ ಇರುತ್ತವಂತೆ. ಏನು ಕೆಲಸ? ಸಿ, ಪೈಥಾನ್, ಡೇಟಾಬೇಸ್. ಅಲ್ಲಿಗೆ ನಮ್ಮ ಲೆಕ್ಕ ಸಿಕ್ಕಿತು. 8 ಜಿಬಿಗಿಂತ ಕಡಿಮೆ ನೆನಪು ಬೇಡ, ಮುಂದೆ ಹೆಚ್ಚಿಸಲು ಒಂದು ಖಾಲಿ ಕಿಂಡಿ ಇರಬೇಕು, 256 ಜಿಬಿಗೆ ಕಡಿಮೆಯಿಲ್ಲದ ಎಸ್ಎಸ್‌ಡಿ ಇರಬೇಕು, ತೂಕ ಡೈನಾಬುಕ್ಕಿನ 1 ಕಿಲೋ 800 ಗ್ರಾಂ ದಾಟಬಾರದು.

ಹೊಸದರಲ್ಲಿ 40,000ಕ್ಕೆ ಸಿಕ್ಕಿದ ಯಂತ್ರದ ತೂಕ ಸರಿಯಿತ್ತು, ಪರದೆ ಮಂಕು, ಅಲುಗಾಡುವ ಪ್ಲಾಸ್ಟಿಕ್ ದೇಹ, ಖಾಲಿ ಕಿಂಡಿ ಇಲ್ಲ. ಅಲ್ಲಿಂದ ಬಸ್ ನಿಲ್ದಾಣದ ಹತ್ತಿರ, ಕಂಪನಿಗಳು ಉಪಯೋಗಿಸಿ ಬಿಟ್ಟ ಲ್ಯಾಪ್‌ಟಾಪುಗಳನ್ನು ಒಪ್ಪಮಾಡಿ ಮಾರುವ ಅಂಗಡಿಗೆ ಹೋದೆವು. ಕಚೇರಿ ಕೆಲಸಕ್ಕೆಂದು ಮಾಡಿದ ಹದಿನಾಲ್ಕು ಇಂಚಿನ ಒಂದು ಯಂತ್ರ ಸಿಕ್ಕಿತು. ಅದರಲ್ಲಿ ನಾಲ್ಕು ಸಂಗತಿ ನೋಡಿದೆವು. ಇದನ್ನು ಓದುತ್ತಿರುವ ಪೋಷಕರಿಗೂ ಪ್ರಯೋಜನವಾದೀತು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆದ್ದರಿಂದ ವಿಂಡೋಸ್ 11 ಒಪ್ಪುವ ಪ್ರೊಸೆಸರ್ ಇರಬೇಕು. ಇಂಟೆಲ್ ಆದರೆ ಎಂಟನೆಯ ಪೀಳಿಗೆ ಅಥವಾ ಆಮೇಲಿನದು. ಬ್ಯಾಟರಿ ಎಷ್ಟು ಉಳಿದಿದೆ ಎಂದು ಅಂಗಡಿಯವನೇ ತೋರಿಸಬೇಕು, ಇಲ್ಲವೇ ಹೊಸದು ಹಾಕಿಕೊಡಬೇಕು. ಹಿಂಜ್ ಸಡಿಲವಾಗಿರಬಾರದು. ಕೊನೆಯದಾಗಿ, ಅರ್ಧ ಗಂಟೆ ಬಿಡದೆ ಓಡಿಸಿ ಕೈಯಿಟ್ಟು ಬಿಸಿ ನೋಡಬೇಕು. ಅಂಗಡಿಯವನು ಮೊದಲು ಗೊಣಗಿದ, ಮೇಷ್ಟ್ರು ಎಂದು ತಿಳಿದ ಮೇಲೆ ಕಾಫಿ ತರಿಸಿದ. 27,500ಕ್ಕೆ ಕೊಟ್ಟ, ಒಂದು ವರ್ಷದ ಗ್ಯಾರಂಟಿ ಬರೆದುಕೊಟ್ಟ.

ಹುಡುಗಿಯ ಮುಖ ಅಷ್ಟೇನೂ ಅರಳಲಿಲ್ಲ, ಸುಳ್ಳು ಹೇಳಲಾರೆ. ಹಪ್ಪಳದಂಥದು ಸಿಗಲಿಲ್ಲವಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕುಳಿತಳು. ವೀರಪಾಂಡಿ ದಾಟಿದ ಮೇಲೆ, ಉಳಿದ ಹನ್ನೆರಡು ಸಾವಿರದ ಐನೂರು ಹಾಸ್ಟೆಲಿನ ಮೊದಲ ಕಂತಿಗಾಯಿತು ಎಂದು ಅಪ್ಪ ಮೆಲ್ಲಗೆ ಹೇಳಿದಾಗ ಮಾತ್ರ ಪೆಟ್ಟಿಗೆಯನ್ನು ನನ್ನ ಮಡಿಲಿನಿಂದ ತನ್ನ ಮಡಿಲಿಗೆ ಎಳೆದುಕೊಂಡಳು.

ಮನೆಗೆ ಬಂದು ಅದನ್ನೂ ದ್ರಾಕ್ಷಿ ತಕ್ಕಡಿಯ ಮೇಲಿಟ್ಟೆವು. 1 ಕಿಲೋ 580 ಗ್ರಾಂ. ಚಾರ್ಜರ್ ಸೇರಿದರೆ 1 ಕಿಲೋ 880, ಕೇ ಅವರ ಲೆಕ್ಕಕ್ಕಿಂತ ಎಂಬತ್ತು ಗ್ರಾಂ ಹೆಚ್ಚು. ಅಣ್ಣನ ಯಂತ್ರಕ್ಕಿಂತ ಒಂದು ಕಿಲೋಗೆ ಎಂಬತ್ತು ಗ್ರಾಂ ಕಡಿಮೆ. ಅವಳಿಗೆ ಕನ್ನಡ ಕೀಲಿಮಣೆ ಸೇರಿಸುವುದನ್ನು ತೋರಿಸಿದೆ. ವಿಂಡೋಸಿನಲ್ಲಿ ಕನ್ನಡ 2001ರ ಎಕ್ಸ್‌ಪಿ ಕಾಲದಿಂದಲೂ ಇದೆ, ಅಣ್ಣನ ಲ್ಯಾಪ್‌ಟಾಪಿನಲ್ಲೂ ಇಷ್ಟು ವರ್ಷ ಇತ್ತು, ಯಾರೂ ತೆರೆದಿರಲಿಲ್ಲ. ಅಜ್ಜಿಯ ಹೆಸರನ್ನು ಅವಳೇ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಮಧ್ಯದ ಒತ್ತಕ್ಷರ ಮಾತ್ರ ಬರಲಿಲ್ಲ, ನಾನು ತೋರಿಸಿಕೊಟ್ಟೆ. ಅಜ್ಜಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ಇದು ನನ್ನ ಹೆಸರೇ ಹೌದಾ ಎಂದು ಎರಡು ಸಲ ಕೇಳಿದರು.